ಇನ್ನೊಂದೇ ಎಳೆ

“ಗೋಡೆ ಫೋಟೋ ತೆಗೀರಿ, ಗಿಡದ್ದು ತೆಗೀರಿ, ನಲ್ಲೀದು ತೆಗೀರಿ. ಕಣ್ಣಿಗೆ ಮಾತ್ರ ಫೋಕಸ್ ಮಾಡಬೇಡಿ ಮೇಷ್ಟ್ರೇ. ಮನುಷ್ಯರದಾಗಲಿ, ಪ್ರಾಣೀದಾಗಲಿ.”

ಕ್ಯಾಮೆರಾ ರಿಪೇರಿಯ ಮುದುಕ ಇಷ್ಟು ಹೇಳಿ ತಗಡಿನ ಡಬ್ಬಿಯ ಮುಚ್ಚಳ ಮುಚ್ಚಲು ಹೋದ. ವಿಜ್ಞಾನದ ಮೇಷ್ಟ್ರು ಬಿಡಬೇಕಲ್ಲ! ಸಂದಿಯಲ್ಲಿ ಆಗಲೇ ಬೆರಳು ತೂರಿಸಿದ್ದರು. ಒಳಗಿದ್ದದ್ದು ಹಿತ್ತಾಳೆಯ ಹಳೇ ಲೆನ್ಸು. ಈಗಿನವುಗಳಂತೆ ತಾನಾಗಿ ಗುರಿ ಹಿಡಿಯುವ ಜಾತಿಯದಲ್ಲ. ಉಂಗುರವನ್ನು ಕೈಯಿಂದಲೇ ತಿರುಗಿಸಿ ಚಿತ್ರವನ್ನು ನಿಚ್ಚಳ ಮಾಡಿಕೊಳ್ಳಬೇಕು. ಅಂಥವು ಮೂವತ್ತೊಂದು ಮೇಷ್ಟ್ರ ಕಪಾಟಿನಲ್ಲಿ ಕೂತಿದ್ದವು. ಆದರೂ ಹಳೇ ಲೆನ್ಸು ಕಂಡರೆ ಅವರಿಗೆ ಹಸಿದವನಿಗೆ ಎಲೆ ಕಂಡ ಹಾಗೆ.

ಬೆಳಕಿಗೆ ಹಿಡಿದು ನೋಡಿದರು. ಗಾಜುಗಳ ನಡುವೆ ಬೂಷ್ಟು ಹಿಡಿದಿತ್ತು, ನರೆಗೂದಲಿನಂಥ ಮೂರು ಎಳೆ. ಮೂಸಿದರು. ಹಳೇ ಗ್ರೀಸಿನ ಅಡಿಯಲ್ಲಿ ಇನ್ನೊಂದು ವಾಸನೆ, ಗಾಯದ ಕಟ್ಟು ಬಿಚ್ಚಿದಾಗ ಬರುವಂಥದ್ದು.

ಮುದುಕ ಕತೆ ಹೇಳಿದ. ಈ ಗಾಜು ಉಜ್ಜಿದವನ ಕಣ್ಣು ಆ ಕೆಲಸದಲ್ಲೇ ಹೋಯಿತಂತೆ. ಕಣ್ಣು ಹೋದ ದಿನವೇ ಯಜಮಾನ ಅವನನ್ನು ಬೀದಿಗೆ ತಳ್ಳಿದ. ಆ ಕುರುಡ ಒಬ್ಬ ಮಾಟಗಾರನ ಕಾಲು ಹಿಡಿದು, ತನ್ನ ಕಣ್ಣಿನ ಪೊರೆಯನ್ನೇ ನಾಲ್ಕು ಎಳೆಯಾಗಿ ಸೀಳಿಸಿ ಈ ಗಾಜುಗಳ ನಡುವೆ ಕಟ್ಟಿಸಿದ. ಉಂಗುರ ತಿರುಗಿಸಿ ಯಾವ ಕಣ್ಣನ್ನು ನಿಚ್ಚಳ ಮಾಡಿ ಚಿತ್ರ ತೆಗೆದರೂ ಒಂದೆಳೆ ಹೋಗಿ ಆ ಕಣ್ಣಲ್ಲಿ ಕೂರುತ್ತದೆ. ಒಡೆದು ಹಾಕೋಣವೆಂದರೆ, ಒಡೆದವನ ಮೇಲೇ ಎಲ್ಲ ಎಳೆ ಬೀಳುತ್ತವಂತೆ.

“ನಾಲ್ಕು ಅಂದ್ರಿ. ಇಲ್ಲಿ ಮೂರೇ ಇವೆ,” ಅಂದರು ಮೇಷ್ಟ್ರು, ಕಾಪಿ ಹೊಡೆಯುವವನನ್ನು ಹಿಡಿದ ಖುಷಿಯಲ್ಲಿ.

ಮುದುಕ ಕಪ್ಪು ಕನ್ನಡಕ ತೆಗೆದ. ಅವನ ಎಡಗಣ್ಣು ಬೆಂದ ಮೊಟ್ಟೆಯಷ್ಟು ಬಿಳಿ. “ನಾಲ್ಕನೇದು ಇಲ್ಲಿದೆ.”

ಮೇಷ್ಟ್ರು ನಕ್ಕರು. ಪೊರೆ ಬಂದರೆ ಆಪರೇಷನ್ ಮಾಡಿಸಬೇಕು ಅಜ್ಜ, ಕತೆ ಕಟ್ಟಬಾರದು ಅಂತ ಬುದ್ಧಿ ಹೇಳಿದರು. ಬೂಷ್ಟು ಹೇಗೆ ಹುಟ್ಟುತ್ತದೆ ಅಂತ ಪಾಠವನ್ನೂ ಮಾಡಿದರು. ಮೂರು ದಿನ ಅಂಗಡಿ ಬಾಗಿಲಲ್ಲಿ ಕೂತು ಪೀಡಿಸಿದರು. ಕೊನೆಗೆ ಮುದುಕ, ಯಾವ ಕಣ್ಣಿಗೂ ಫೋಕಸ್ ಮಾಡುವುದಿಲ್ಲ ಅಂತ ಆಣೆ ಇಡಿ ಅಂದ. ಮೇಷ್ಟ್ರಿಗೆ ಆಣೆಯೆಂದರೆ ಬಾಯಿಂದ ಬರುವ ಗಾಳಿ. “ನಮ್ಮನೆಯವಳ ಕಣ್ಣಾಣೆ. ಸಾಕಾ?” ಅಂದು ಲೆನ್ಸನ್ನು ಜೇಬಿಗಿಳಿಸಿದರು.

ಆ ಮನೆಯವಳ ಬಗ್ಗೆ ಎರಡು ಮಾತು ಹೇಳಬೇಕು. ಅವಳದು ರಫು ಕೆಲಸ. ಇಲಿ ಕಡಿದ ಶಾಲು, ಕಿಡಿ ಬಿದ್ದು ತೂತಾದ ಕೋಟು ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಡಿಸಿ, ತೂತಿಗೆ ಒಂದೊಂದೇ ಎಳೆ ನೇಯ್ದು, ಹರಿದಿತ್ತು ಅಂದರೆ ನಂಬದ ಹಾಗೆ ಮಾಡಿಕೊಡುತ್ತಿದ್ದಳು. ದರ್ಜಿಗಳು ತಮ್ಮ ಕೈಲಾಗದ್ದನ್ನೆಲ್ಲ ಅವಳ ಕಿಟಕಿಗೆ ತರುತ್ತಿದ್ದರು. ಕನ್ನಡಕವಿಲ್ಲದ ಆ ಎರಡು ಕಣ್ಣೇ ಅವಳ ಆಸ್ತಿ. ಓದಿಲ್ಲ, ಬರೆದಿಲ್ಲ, ಆ ಕಿಟಕಿಯ ಹತ್ತಿರ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ.

ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಮೇಷ್ಟ್ರು ಲೆನ್ಸು ಪರೀಕ್ಷಿಸಲೆಂದೇ ಇಟ್ಟಿಗೆ ಗೋಡೆಯ ಚಿತ್ರ ಸಾವಿರ ತೆಗೆದಿದ್ದರು. ತೊಟ್ಟಿಕ್ಕುವ ನಲ್ಲಿ, ಗೋಡೆಗಂಟಿಸಿದ ಪತ್ರಿಕೆಯ ಹಾಳೆ ಲೆಕ್ಕವೇ ಇಲ್ಲ. ಹೆಂಡತಿಯದು ಒಂದೂ ಇಲ್ಲ, ಮದುವೆಯದ್ದು ಬಿಟ್ಟರೆ. ಆದರೆ ಫೋನಿನಲ್ಲಿ ಗೆಳೆಯರಿಗೆ ದಿನಾ ಉಪದೇಶ: ಮುಖ ತೆಗೆಯುವಾಗ ಹತ್ತಿರದ ಕಣ್ಣಿಗೆ ಫೋಕಸ್ ಮಾಡು, ಹುಬ್ಬಿಗೆ ಬಿತ್ತೋ ಚಿತ್ರ ಸತ್ತಂತೆ. ಸೂಜಿ ಹಿಡಿದು ಕೂತವಳ ಕಿವಿಗೆ ಅದು ಬೀಳುತ್ತಲೇ ಇತ್ತು.

ಮುದುಕನಿಂದ ತಂದ ಲೆನ್ಸಿನಲ್ಲಿ ಗೋಡೆ ಮಸುಕು, ನಲ್ಲಿಯೂ ಮಸುಕು. ಮೂರನೇ ದಿನ ಪಕ್ಕದ ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ಬಿಸಿಲು ಕಾಯುತ್ತಿತ್ತು. ಮುದುಕನ ಮಾತು ನೆನಪಾಗಿ ಮೇಷ್ಟ್ರಿಗೆ ನಗು ಬಂತು. ಬೇಕಂತಲೇ ಅದರ ಕಣ್ಣಿಗೆ ಫೋಕಸ್ ಮಾಡಿದರು. ಉಂಗುರ ಬೆಣ್ಣೆಯ ಹಾಗೆ ತಿರುಗಿತು. ಕ್ಲಿಕ್.

ಲೆನ್ಸಿನೊಳಗೆ ಎಳೆ ಎರಡೇ ಉಳಿದಿದ್ದವು. ಬಿಸಿಲಿಗೆ ಬೂಷ್ಟು ಸತ್ತಿತು ಅಂದುಕೊಂಡರು. ಮಾರನೇ ದಿನ ಬೆಕ್ಕು ಹೂಕುಂಡಕ್ಕೆ ಮುಖ ಗುದ್ದಿಕೊಂಡು ಹೋಯಿತು. ಅದರ ಒಂದು ಕಣ್ಣು ಬೆಳ್ಳಗಾಗಿತ್ತು. ಮೇಷ್ಟ್ರು ಕ್ಯಾಮೆರಾ ಕೆಳಗಿಟ್ಟರು. ಆದರೆ ಬೆಕ್ಕಿನ ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಒಂದೊಂದು ಮೀಸೆಯನ್ನೂ ಎಣಿಸಬಹುದಿತ್ತು. ಒಂದೆಳೆ ಹೋಗಿದ್ದಕ್ಕೇ ಚಿತ್ರ ಇಷ್ಟು ನಿಚ್ಚಳವಾದರೆ, ಪೂರ್ತಿ ಹೋದರೆ ಇನ್ನು ಹೇಗೋ! ಮುದಿ ಬೆಕ್ಕು, ಕಣ್ಣಿಗೆ ಪೊರೆ ಬಂತು ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಆ ಭಾನುವಾರ ಮಧ್ಯಾಹ್ನ ಕಿಟಕಿಯ ಬೆಳಕು ಹೆಂಡತಿಯ ಕೆನ್ನೆಗೆ ಬಿದ್ದಿತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಅಲ್ಲಾಡಬೇಡ,” ಅಂದರು.

ಅವಳು ನಂಬಲಿಲ್ಲ. ಆಮೇಲೆ ಮದುವಣಗಿತ್ತಿಯ ಹಾಗೆ ನಾಚಿ, ಹಣೆಯ ಕೂದಲು ಸರಿಮಾಡಿಕೊಂಡಳು. ಮೇಷ್ಟ್ರಿಗೆ ಬೆಕ್ಕು ನೆನಪಾಯಿತು. ಆಣೆಯೂ ನೆನಪಾಯಿತು. ಆದರೂ ಉಂಗುರ ತಿರುಗಿತು. ಹತ್ತಿರದ ಕಣ್ಣು. ರೆಪ್ಪೆಯ ಒಂದೊಂದು ಕೂದಲು. ಕ್ಲಿಕ್.

“ರೀ, ಈ ಕಣ್ಣಲ್ಲಿ ಸೂಜಿ ಕಾಣ್ತಿಲ್ಲ.”

ಮೇಷ್ಟ್ರು ಅವಳ ಕಡೆ ನೋಡಲೇ ಇಲ್ಲ. ಲೆನ್ಸನ್ನು ಬೆಳಕಿಗೆ ಹಿಡಿದಿದ್ದರು. ಅವರ ಮುಖ ಅರಳಿತು. “ಇನ್ನೊಂದೇ ಎಳೆ ಉಳಿದಿದೆ,” ಅಂದರು. “ಆ ಕಡೆ ಮುಖ ತಿರುಗಿಸು.”

ಅವಳು ತಿರುಗಿಸಲಿಲ್ಲ. ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಚೀರಿದಳು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ಎರಡೆರಡು ಸಲ ನೋಡಿದರು. ಇದು ಪೊರೆಯಲ್ಲ ತಾಯಿ, ಬೂಷ್ಟು, ಕಣ್ಣಿನೊಳಗೆ ಬೇರು ಬಿಟ್ಟಿದೆ, ಮುಟ್ಟಿದರೆ ಕಣ್ಣೇ ಕಿತ್ತು ಬರುತ್ತದೆ ಅಂದರು. ಲೆನ್ಸು ಎಲ್ಲಿಂದ ಬಂತು ಅಂತ ಗಂಡನ ಬಾಯಿ ಬಿಡಿಸಿ, ಅಲ್ಲಿಂದ ಅವಳು ಅವರನ್ನು ಮುಂದೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದಳು.

ಮುದುಕ ಬೈಯಲಿಲ್ಲ. ನಿಮ್ಮ ಕಣ್ಣ ಮೇಲೇ ಆಣೆ ಇಟ್ಟು ಹೋದರಮ್ಮಾ ಅಂದ. ದಾರಿಯೊಂದಿದೆ, ಉಂಗುರ ತಿರುಗಿಸಿದವರ ಕಣ್ಣಿಗೆ, ಕಣ್ಣು ಕಳೆದುಕೊಂಡವರೇ ಅದೇ ಲೆನ್ಸಿನಿಂದ ಫೋಕಸ್ ಮಾಡಬೇಕು, ಆಗ ಎಳೆ ಈ ಕಣ್ಣಿಂದ ಆ ಕಣ್ಣಿಗೆ ದಾಟುತ್ತದೆ ಅಂದ. ಹಾಗಾದರೆ ನೀವ್ಯಾಕೆ ಮಾಡಲಿಲ್ಲ ಅಂತ ಕೇಳಿದಳು.

“ನನ್ನ ಕಣ್ಣಿಗೆ ತಿರುಗಿಸಿದ್ದು ನನ್ನ ಮಗಳು. ಆರು ವರ್ಷದ ಕೂಸು. ಅದಕ್ಕೇನು ಗೊತ್ತಿತ್ತು?”

ಅವಳು ಗಂಡನ ಮುಖ ನೋಡಿದಳು. ಇವರಿಗೆ ಎಲ್ಲವೂ ಗೊತ್ತಿತ್ತು.

ಮನೆಗೆ ಬಂದು ಬಾಗಿಲು ಹಾಕಿದಳು. ಮೇಷ್ಟ್ರನ್ನು ಅದೇ ಕಿಟಕಿಯ ಹತ್ತಿರ, ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಅವರು ಅತ್ತರು, ತಪ್ಪಾಯಿತು ಅಂದರು, ಆಮೇಲೆ ಒಪ್ಪಿದರು. ಕ್ಯಾಮೆರಾ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟರು. ಉಂಗುರ ನಿಧಾನ ತಿರುಗಿಸು. ಸಾಕು. ಹುಬ್ಬಿನ ಕೂದಲು ಚೆನ್ನಾಗಿ ಕಂಡಿತೇ? ಹಾಂ, ಅಷ್ಟೇ, ಒತ್ತಿಬಿಡು.

ಅವಳು ಒತ್ತಲಿಲ್ಲ. ಒಂಟಿ ಕಣ್ಣಾದರೇನು, ನೂಲಿಗೂ ನೂಲಿಗೂ ಇರುವ ಅಂತರ ಹಿಡಿದ ಕಣ್ಣು ಅದು. ಹುಬ್ಬಿನಿಂದ ಕಣ್ಣಿಗೆ ಎಷ್ಟು ದೂರ ಅಂತ ಅವಳಿಗೆ ಕಂಡಿತ್ತು.

“ಹುಬ್ಬಿಗೆ ಬಿದ್ದರೆ ಚಿತ್ರ ಸತ್ತಂತೆ ಅಂತಿದ್ರಲ್ಲ ರೀ,” ಅಂದಳು.

ಉಂಗುರ ಕೂದಲೆಳೆಯಷ್ಟು ತಿರುಗಿತು. ಕೋಣೆಯಲ್ಲಿ ಆ ವಾಸನೆ ಎದ್ದಿತು. ಗಾಯದ ವಾಸನೆ. ಮೇಷ್ಟ್ರು ಕಣ್ಣು ಮುಚ್ಚಲು ಹೋದರು. ರೆಪ್ಪೆ ಇಳಿಯಲಿಲ್ಲ. ಲೆನ್ಸಿನೊಳಗಿಂದ ಯಾರೋ ನೋಡುತ್ತಿದ್ದರು. ಅವಳಲ್ಲ. ಇನ್ಯಾರೋ. ಕ್ಲಿಕ್.

ತಣ್ಣಗಿನದೇನೋ ಬಲಗಣ್ಣಿಗೆ ಹೊಕ್ಕಿತು. ಹೊರಳಿತು. ಬೇರು ಬಿಟ್ಟಿತು. ಕಿಟಕಿ ಅರ್ಧಕ್ಕೆ ಆರಿತು. ಎದುರಿಗೆ ಅವಳು ಎಡಗಣ್ಣು ಪಿಳಿಪಿಳಿಸಿ, ಸೂಜಿ ಎತ್ತಿ ನೋಡಿ, ಬಿಕ್ಕಿ ಬಿಕ್ಕಿ ಅತ್ತಳು. ಆ ಅಳು ನಿಂತಾಗ ಅವಳಲ್ಲಿ ಸಿಟ್ಟೂ ಇರಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಅವಳು ಆ ಲೆನ್ಸನ್ನು ಡಬ್ಬಿಗೆ ಹಾಕಿ ಮುದುಕನಿಗೆ ಕೊಟ್ಟು ಬರುತ್ತಿದ್ದಳು, ಒಂಟಿಗಣ್ಣನಾದ ಗಂಡನಿಗೆ ಅನ್ನವನ್ನೂ ಕಲಸಿಕೊಡುತ್ತಿದ್ದಳು.

ಮೇಷ್ಟ್ರು ಕೆನ್ನೆ ಒರೆಸಿಕೊಂಡರು. ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ನೋಡಿದರು. ಆಮೇಲೆ ಅವಳ ಕಡೆ ಕೈ ಚಾಚಿದರು.

“ಪರವಾಗಿಲ್ಲ. ಫೋಕಸ್ ಮಾಡೋಕೆ ಒಂದು ಕಣ್ಣು ಸಾಕು. ಕೊಡು ಇಲ್ಲಿ.”

ಅವಳು ಕೊಡಲಿಲ್ಲ. ಲೆನ್ಸನ್ನು ಬೆಳಕಿಗೆ ಹಿಡಿದು, ಗಂಡ ನೋಡುತ್ತಿದ್ದ ಹಾಗೆಯೇ ಒಳಗೆ ನೋಡಿದಳು.

“ಇನ್ನೊಂದೇ ಎಳೆ ಉಳಿದಿದೆ,” ಅಂದಳು. “ಆ ಕಡೆ ಮುಖ ತಿರುಗಿಸಿ.”