ಕಲ್ಲುಹೂವಿನ ಮೂಟೆ

ಮೊದಲ ದಿನ ಅವನನ್ನು ಇನ್‌ಸ್ಪೆಕ್ಟರ್ ಎಂದುಕೊಂಡು ನಾನು ಕೂರಲು ಸ್ಟೂಲನ್ನೂ ಕೊಡಲಿಲ್ಲ. ಮಾಮೂಲ್‌ಪೇಟೆಯಲ್ಲಿ ನಾರುಬೇರು, ಮಸಾಲೆ ಮಾರುವ ನಮ್ಮ ಗ್ರಂಧಿಗೆ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, ಕಲ್ಲುಹೂವಿನ ಮೂಟೆಗೆ ಕೈಹಾಕಿ ಭೂತಗನ್ನಡಿ ಹಿಡಿದರೆ ಇನ್ನೇನು ಅಂದುಕೊಳ್ಳಬೇಕು?

"ನಮ್ಮಲ್ಲಿ ಕಲಬೆರಕೆ ಇಲ್ಲ ಸಾರ್," ಎಂದೆ.

"ಇರ್ಲಿ ಅಂತಾನೇ ಬಂದಿದೀನಿ ಮೇಡಂ," ಎಂದು ನಕ್ಕ.

ಹೆಸರು ಚಿದಂಬರ. ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವುಗಳ ಬಗ್ಗೆ ಸಂಶೋಧನೆ ಮಾಡುವವನು. ಮಸಾಲೆಗೆಂದು ಕಾಡಿನಿಂದ ಕೆರೆದು ತರುವ ಮೂಟೆಗಳಲ್ಲಿ, ಅಳಿದುಹೋಗುತ್ತಿರುವ ಒಂದು ಜಾತಿಯೂ ಸೇರಿಕೊಂಡು ಬರುತ್ತಿದೆಯಂತೆ. ಯಾವ ಕಾಡಿನದೆಂದು ಗೊತ್ತಾದರೆ ಉಳಿದದ್ದನ್ನಾದರೂ ಕಾಪಾಡಬಹುದಂತೆ.

ಪ್ರತಿ ಶನಿವಾರ ಬರತೊಡಗಿದ. ಪೇಪರ್ ಹಾಸಿ, ಹೂವು ಸುರಿದುಕೊಂಡು ಆರಿಸುತ್ತಿದ್ದ. ನಾನು ಪೊಟ್ಟಣ ಕಟ್ಟುತ್ತಾ ಅವನ ಕತ್ತಿನ ಮೇಲಿನ ನರೆಗೂದಲು ನೋಡುತ್ತಿದ್ದೆ. ಅಪ್ಪ ಹೋದ ಮೇಲೆ ಒಂಬತ್ತು ವರ್ಷ ಇದೇ ಜಾಗದಲ್ಲಿ ನಿಂತು ನನ್ನ ಕಾಲಿನ ನರಗಳು ಉಬ್ಬಿವೆ. ಮೂವತ್ತೊಂಬತ್ತರಲ್ಲಿ ಒಬ್ಬ ಗಂಡಸಿಗೋಸ್ಕರ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವುದು ನಾಚಿಕೆಗೇಡು ಅನಿಸುತ್ತಿತ್ತು. ಆದರೂ ಹಚ್ಚಿಕೊಳ್ಳುತ್ತಿದ್ದೆ.

"ಇವತ್ತು ಕಣ್ಣು ಚೆನ್ನಾಗಿದೆ," ಎಂದ ಒಮ್ಮೆ, ತಲೆ ಎತ್ತದೆ.

"ನೀವು ನೋಡೇ ಇಲ್ವಲ್ಲ?"

"ಬಂದಾಗ್ಲೇ ನೋಡ್ದೆ. ಪದೇ ಪದೇ ನೋಡಿದ್ರೆ ಬೈತೀರ ಅಂತ ಸುಮ್ನಿದೀನಿ."

ಒಂದು ಶನಿವಾರ ಅದು ಸಿಕ್ಕೇಬಿಟ್ಟಿತು. ಉಗುರಗಲದ ಬೂದು ಚೂರು. ನನ್ನ ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಟ್ಟ. ನೋಡನೋಡುತ್ತಲೇ ಹಸಿರಾಯಿತು. ಅವನ ಬೆರಳು ನನ್ನ ಅಂಗೈಯಲ್ಲೇ ಇತ್ತು.

"ಇಷ್ಟಗಲ ಬೆಳೆಯೋಕೆ ಎಷ್ಟೋ ವರ್ಷ ಬೇಕು. ಈ ಮೂಟೆ ಯಾರು ಕಳ್ಸಿದ್ದು, ರಂಜಿನಿ ಅವ್ರೇ?"

ಮೂಟೆಯ ಬಾಯಿಗೆ ಸುತ್ತಿದ್ದ ಬಳ್ಳಿಯ ನಾರು ನೋಡಿದೊಡನೆ ನನಗೆ ಗೊತ್ತಾಗಿತ್ತು. ಬೇರೆ ಎಲ್ಲರೂ ಸೆಣಬಿನ ಹುರಿ ಕಟ್ಟುತ್ತಾರೆ. ನಾರು ಸುತ್ತುವವನು ಕೊಳ್ಳೇಗಾಲದಾಚೆಯ ಕಾಡಿನ ಜಡೆಮಾದಯ್ಯ ಒಬ್ಬನೇ. ಹೇಳಿದರೆ ಇವನ ಕೆಲಸ ಮುಗಿಯುತ್ತದೆ. ಆಮೇಲೆ ಇಲ್ಲಿಗೇಕೆ ಬರುತ್ತಾನೆ?

"ಗೊತ್ತಿಲ್ಲ. ಎಲ್ಲಾ ಮಿಕ್ಸ್ ಆಗಿ ಬರತ್ತೆ," ಎಂದುಬಿಟ್ಟೆ.

ಐದು ವಾರ ಅವನು ಮೂಟೆ ಮೂಟೆ ಜಾಲಾಡಿದ. ಆರನೆಯ ವಾರ ಗೋಣಿಗೆ ಒರಗಿ ಕಣ್ಣು ಮುಚ್ಚಿದ.

"ಸಾಕಾಗೋಯ್ತು. ಪ್ರಾಜೆಕ್ಟ್ ಮುಚ್ತಿದ್ದಾರೆ. ಎಲ್ಲಿತ್ತು ಅಂತ ತಿಳಿಯೋ ಮೊದ್ಲೇ ಅದು ಹೋಗ್ಬಿಡತ್ತೆ."

ಥೂ, ಇದೂ ಒಂದು ಪ್ರೀತಿಯಾ!

"ನಾನು ಸುಳ್ಳು ಹೇಳ್ದೆ," ಎಂದೆ. "ಯಾರು ಕಳ್ಸಿದ್ದು ಅಂತ ಗೊತ್ತು. ಹೇಳಿದ್ರೆ ನೀವು ಬರೋದು ನಿಂತೋಗತ್ತೆ ಅಂತ ಹೇಳ್ಲಿಲ್ಲ. ನೀವು ಬರ್ದಿದ್ರೆ ನಂಗೆ ಆಗಲ್ಲ."

ಅವನು ಎದ್ದು ಭೂತಗನ್ನಡಿಯನ್ನು ಜೇಬಿಗೆ ತುರುಕಿದ.

"ಐದು ವಾರ," ಎಂದ. "ಅಷ್ಟರಲ್ಲಿ ಎಷ್ಟು ಕೆರೆದಿರ್ತಾರೋ."

"ಬೈರಿ."

"ಬೈಯೋಕೂ ಶಕ್ತಿ ಇಲ್ಲ ರಂಜಿನಿ."

ಅವನೆದುರೇ ಜಡೆಮಾದಯ್ಯನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. "ಅಯ್ಯಾ, ನೀರು ಬಿದ್ರೆ ಹಸಿರಾಗೋ ಆ ಬೂದಿ ಹೂವಿನ ಮರ ಮುಟ್ಬೇಡ. ಬದಲಿಗೆ ಸೀಗೆಕಾಯಿ, ಅಂಟುವಾಳ ಎಷ್ಟಾದ್ರೂ ಕಳ್ಸು, ನಾನು ತಗೋತೀನಿ."

"ಇನ್ನ ಮೂರೇ ಮರ ಅದೆ ಕಣವ್ವ. ಮುಟ್ಟಕಿಲ್ಲ ಬುಡು."

"ಒಬ್ರು ಬಂದು ನೋಡ್ಬೇಕಂತೆ."

"ಗುರ್ತಿಲ್ದೋರ್ಗೆ ತೋರ್ಸಕಿಲ್ಲ. ಆಮೇಲೆ ನಮ್ಮನ್ನೇ ಕಾಡಿಂದ ಎಬ್ಬುಸ್ತಾರೆ. ನೀನು ಜೊತೇಲಿ ಬಂದ್ರೆ ತೋರುಸ್ತೀನಿ."

ಚಿದಂಬರ ನನ್ನ ಮುಖ ನೋಡಿದ. "ನೀವು ಅಂಗಡಿ ಬಿಟ್ಟು ಬರ್ತೀರಾ?"

"ಬರ್ತೀನಿ. ಆದ್ರೆ ಆಮೇಲೂ ನೀವು ಶನಿವಾರ ಬರ್ಬೇಕು. ಹುಡುಕೋಕೆ ಏನೂ ಇಲ್ದಿದ್ರೂ."

"ನಂಗೆ ಸಿಟ್ಟು ಹೋಗಿಲ್ಲ."

"ಸಿಟ್ಟು ಇಟ್ಕೊಂಡೇ ಬನ್ನಿ."

ಮಟಮಟ ಮಧ್ಯಾಹ್ನ ಶಟರ್ ಎಳೆದು ಇಬ್ಬರೂ ಹೊರಟೆವು. ಕೊಳ್ಳೇಗಾಲದ ಬಸ್ಸಿನಲ್ಲಿ, ಕನಕಪುರ ದಾಟುವವರೆಗೂ ಅವನು ಕಿಟಕಿಯಾಚೆಯೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ನನ್ನ ಹೆಗಲಿಗೆ ತಲೆ ಒರಗಿಸಿ, "ಸಿಟ್ಟು ಇನ್ನೂ ಇದೆ," ಎಂದು ಹೇಳಿ ನಿದ್ದೆಹೋದ.