ಬೇಕರಿಯ ಬಿಸಿಗಾಳಿ

ಬೆಳಗಿನ ಆರು ಗಂಟೆ. ಅಡಿಲೇಡ್ ಪೇಟೆಯ ನಡುವೆ, ಬೇಸಿಗೆಯಲ್ಲೇ ಕೆಡವಿ ಮಣ್ಣು ತುಂಬಿದ್ದ ಬೇಕರಿಯ ನೆಲಮಾಳಿಗೆಯಿಂದ ಬಿಸಿಗಾಳಿ ಬರುತ್ತಿತ್ತು.

ಅದರ ಕಬ್ಬಿಣದ ಜಾಲರಿಯೊಂದು ಕಾಲುದಾರಿಯಲ್ಲಿ ಉಳಿದಿತ್ತು. ಅದರ ಮೇಲೆ ಮಲಗುತ್ತಿದ್ದವಳು ಮೇವಿಸ್. ಆ ಜಾಗದಲ್ಲಿ ಹೋಟೆಲು ಕಟ್ಟುವವರು ಬೆಂಚುಗಳನ್ನು ಕಿತ್ತ ಮೇಲೆ ಬೀದಿಯಲ್ಲಿ ಮಲಗುವ ನಮ್ಮವರೆಲ್ಲ ನದಿಯ ಕಡೆ ಹೋಗಿದ್ದರು, ಉಳಿದವರು ನಾವಿಬ್ಬರೇ. ಜುಲೈ ಅಂದರೆ ಇಲ್ಲಿ ಚಳಿಗಾಲ; ನನ್ನ ಹೊದಿಕೆಯ ಮೇಲೆ ಮಂಜು ಹೆಪ್ಪುಗಟ್ಟುತ್ತಿತ್ತು. ಪಕ್ಕದಲ್ಲೇ ಇದ್ದ ಅವಳ ಹೊದಿಕೆ ಒಣಗಿಯೇ ಇರುತ್ತಿತ್ತು.

"ಒಂದಿನ ಜಾಗ ಬಿಡು ಮೇವಿಸ್, ಎದೇಲಿ ಕಫ ಕಟ್ಟಿದೆ," ಎಂದಿದ್ದೆ.

"ನಿಂಗ್ಯಾಕೋ ಲೆಸ್? ಹೊಟ್ಟೇಲಿ ಅಷ್ಟೊಂದು ಕಿಚ್ಚಿದೆಯಲ್ಲ, ಅದ್ರಲ್ಲೇ ಮೈ ಕಾಯಿಸ್ಕೋ!"

ಹಾಸುವ ರಟ್ಟನ್ನು ಗುರುತಿಗೆ ನಿಲ್ಲಿಸಿಟ್ಟ ಜಾಗವನ್ನು ನಮ್ಮ ಬೀದಿಯಲ್ಲಿ ಕಳ್ಳನೂ ಮುಟ್ಟುವುದಿಲ್ಲ. ಅಂದು ಅವಳು ಚರ್ಚಿನಲ್ಲಿ ಹಂಚುವ ಚಹಾಕ್ಕೆ ಹೋದಾಗ ಅವಳ ರಟ್ಟನ್ನು ಸರಿಸಿ ನಾನು ಮಲಗಿದೆ. ಬೆನ್ನಿಗೆ ಬಿಸಿ ತಾಗಿತು, ಬ್ರೆಡ್ಡಿನ ವಾಸನೆ ಬಂತು. ಕೆಳಗಿನಿಂದ ಯಾರೋ ಟ್ರೇಯಿಂದ ಜಾಲರಿ ಬಡಿದರು. ಬೇಕರಿಯ ಸ್ಟಾವ್ರೋಸ್ ಹಾಗೆಯೇ ಬಡಿದು ಮೇವಿಸ್‌ಳನ್ನು ಕರೆದು, ಸೀದ ಬ್ರೆಡ್ಡು ಕೊಡುತ್ತಿದ್ದ. ಅಂಗಡಿ ಕೆಡವಿದ ತಿಂಗಳಲ್ಲೇ ಅವನು ತೀರಿಕೊಂಡಿದ್ದ.

"ಮೇವಿಸ್, ಎದ್ಯಾ?"

ಅದು ಅವನದೇ ದನಿ. ಹೆದರಿಕೆಗಿಂತ ಮೊದಲು ನನ್ನ ಹೊಟ್ಟೆ ಉರಿಯಿತು. ಸತ್ತವನೂ ಅವಳನ್ನೇ ಕೇಳುತ್ತಾನೆ!

"ಇನ್ಮೇಲೆ ಇಲ್ಲಿ ನಾನೇ," ಎಂದೆ.

ಗಾಳಿ ಅಲ್ಲಿಗೇ ನಿಂತಿತು. ಬೆನ್ನ ಕೆಳಗಿನ ಕಬ್ಬಿಣ ಕೊರೆಯತೊಡಗಿತು. ಎದ್ದು ರಟ್ಟನ್ನು ಇದ್ದಂತೆಯೇ ನಿಲ್ಲಿಸಿದೆ.

ಆ ರಾತ್ರಿ ಮೇವಿಸ್ ತಣ್ಣಗಾದ ಜಾಲರಿಯಿಂದ ನಡುಗುತ್ತ ಎದ್ದು ಬಂದು, ನನ್ನ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದಳು.