ತಾಯಿಯ ಕಡೆಯ ರಕ್ತ

"ನನ್ನಕ್ಕ ಮಗೂನ ಹೊಡೆದು ಸಾಯ್ಸಿದಾಳೆ ಅಂತಿದಾರೆ ಮೇಡಂ. ಇನ್ನೊಂದು ವಾರದಲ್ಲಿ ಪೊಲೀಸ್ನೋರು ಕರ್ಕೊಂಡು ಹೋಗ್ತಾರಂತೆ."

ಸಾಗರದ ನಮ್ಮ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದವಳು ಹಳೆಯ ವಿದ್ಯಾರ್ಥಿನಿ ರಕ್ಷಾ. ಜೀವಶಾಸ್ತ್ರ ಕಲಿಸುವ ತೃಪ್ತಿಯವರು ತಕ್ಷಣ ಎದ್ದರು. ಹದಿನೆಂಟು ವರ್ಷದಿಂದ ಅವರ ಸಹಾಯಕಿಯಾಗಿದ್ದ ನಾನು ಚೀಲ ಎತ್ತಿಕೊಂಡೆ.

ರಿಪ್ಪನ್‌ಪೇಟೆಯ ಮನೆಯಲ್ಲಿ ರಕ್ಷಾಳ ಅಕ್ಕ ಭವ್ಯಾ ಅಳುತ್ತಿರಲಿಲ್ಲ. ಅಳದ ತಾಯಿಯನ್ನು ಯಾರೂ ನಂಬುವುದಿಲ್ಲ. ಹದಿನಾಲ್ಕು ತಿಂಗಳ ಗಂಡುಮಗು ಹೊಸ್ತಿಲಿಗೆ ಎಡವಿ ಬಿದ್ದಿತ್ತು. ತಲೆಯೊಳಗೆ ರಕ್ತ ಸೋರಿ, ಆಸ್ಪತ್ರೆಗೆ ಸೇರಿಸಿದ ಮೂರು ಗಂಟೆಯೊಳಗೇ ಉಸಿರು ನಿಂತಿತ್ತು. ಮೈಮೇಲೆ ನೀಲಿ ಕಲೆಗಳಿದ್ದವು.

"ಎಲ್ಲಿ ಕಲೆ?" ತೃಪ್ತಿ ಕೇಳಿದರು.

"ಮಂಡೀಲಿ, ಕಂಕುಳಲ್ಲಿ," ಎಂದ ಗಂಡ ವಿನೋದ್.

"ಹೊಡೆಯೋರು ಕಂಕುಳಿಗೆ ಹೊಡೀತಾರಾ? ಎತ್ಕೊಳ್ಳೋ ಜಾಗ ಅದು." ಅವರು ಮಗುವಿನ ಫೋಟೊ ನೋಡಿದರು. "ಕಿವಿ ಚುಚ್ಚಿಸಿಲ್ವಾ?"

"ಬೀಗಿತ್ತಿ ಬಿಟ್ರೆ ತಾನೇ!" ಎಂದರು ವಿನೋದನ ತಾಯಿ. "ಐದು ವರ್ಷ ಮೈಗೆ ಲೋಹ ತಾಗಿಸಲ್ಲ ಅಂತ ಹರಕೆಯಂತೆ. ಎಂಥ ಹರಕೆಯೋ!"

ಭವ್ಯಾ ಮಗುವಿನ ಚಡ್ಡಿಗಳನ್ನು ತಂದಳು. ಎಲ್ಲದರ ಮಂಡಿಗೂ ಒಳಗಿಂದ ಹತ್ತಿ ಇಟ್ಟು ಹೊಲಿದಿತ್ತು. "ಅಮ್ಮ ಹೊಲಿದು ಕಳಿಸಿದ್ದು," ಎಂದಳು.

ಮರುದಿನ ನಾವು ತೀರ್ಥಹಳ್ಳಿಗೆ ಹೋಗಿ, ಭವ್ಯಾಳ ತಾಯಿ ಶೇಷಮ್ಮನ ಚಿಕ್ಕಪ್ಪ ಹೂವಯ್ಯನವರನ್ನು ಕಂಡೆವು. ಶೇಷಮ್ಮನಿಗೆ ಇಬ್ಬರು ತಮ್ಮಂದಿರಿದ್ದರಂತೆ. ಒಬ್ಬನಿಗೆ ಹಾಲುಹಲ್ಲು ಬಿದ್ದು ಮೂರು ದಿನ ರಕ್ತ ನಿಲ್ಲಲಿಲ್ಲ. ಇನ್ನೊಬ್ಬ ಜಾರಿಬಿದ್ದು ತೀರಿಕೊಂಡ. ತೃಪ್ತಿಯವರ ಮಾತಿನಂತೆ ಇನ್ಸ್‌ಪೆಕ್ಟರ್ ನಟರಾಜ್, ಮಗು ಬದುಕಿದ್ದಾಗ ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷೆಗೆ ಕಳಿಸಿದರು.

ನಾಲ್ಕನೆಯ ದಿನ ಎಲ್ಲರೂ ರಿಪ್ಪನ್‌ಪೇಟೆಯ ಆ ಮನೆಯಲ್ಲಿ ಸೇರಿದರು. ಶೇಷಮ್ಮನೂ ಬಂದಿದ್ದರು.

"ಮಗುವಿಗೆ ಇದ್ದದ್ದು ಹಿಮೋಫಿಲಿಯಾ," ತೃಪ್ತಿ ಹೇಳಿದರು. "ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವರದಿ ಬಂದಿದೆ. ಯಾರೂ ಹೊಡೆದಿಲ್ಲ. ಈ ದೋಷ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್. ಒಂದು ಕೆಟ್ಟರೆ ಸಾಮಾನ್ಯವಾಗಿ ಇನ್ನೊಂದು ಕಾಯುತ್ತೆ. ಗಂಡಿಗೆ ಒಂದೇ, ಅದೂ ತಾಯಿ ಕೊಟ್ಟಿದ್ದು."

"ಹಾಗಾದ್ರೆ ಇವಳಿಂದ್ಲೇ ಸತ್ತಿದ್ದಲ್ವಾ?" ಎಂದರು ಅತ್ತೆ.

"ತನಗೇ ಗೊತ್ತಿಲ್ಲದ್ದನ್ನ ಕೊಟ್ಟಳು. ಗಂಡುಮಗುವಿಗೆ ಕೆಟ್ಟ ಎಕ್ಸ್ ಹೋಗಬಹುದಿತ್ತು, ಒಳ್ಳೇದೂ ಹೋಗಬಹುದಿತ್ತು, ಎರಡಕ್ಕೂ ಅರ್ಧರ್ಧ ಸಾಧ್ಯತೆ. ಆದರೆ ಗೊತ್ತಿದ್ದವರು ಒಬ್ಬರಿದ್ದರು." ತೃಪ್ತಿ ತಿರುಗಿದರು. "ಕಿವಿ ಚುಚ್ಚೋ ಸೂಜಿಗೆ ಹೆದರಿ ಹರಕೆಯ ನೆಪ ಹೇಳಿದ್ರಿ. ಮಂಡಿಗೆ ಹತ್ತಿ ಹೊಲಿದ್ರಿ. ಆ ಮೂರು ಗಂಟೆಯಲ್ಲಿ ಡಾಕ್ಟರಿಗೆ ಒಂದು ಮಾತು ತಿಳಿದಿದ್ದರೆ, ಆ ಅಂಶದ ಇಂಜೆಕ್ಷನ್ ಕೊಡಬಹುದಿತ್ತು ಶೇಷಮ್ಮ. ಮಗು ಉಳೀತಿತ್ತೇನೋ."

ಶೇಷಮ್ಮ ಸೆರಗು ಬಾಯಿಗೊತ್ತಿಕೊಂಡರು. "ಹೇಳಿದ್ರೆ ಇವಳನ್ನ ಯಾರು ಮದ್ವೆ ಆಗ್ತಿದ್ರು? ಇನ್ನೊಬ್ಬಳೂ ಇದಾಳಲ್ಲ ಮನೇಲಿ..."

ನಟರಾಜ್ ಕಡತ ಮುಚ್ಚಿ ಎದ್ದರು. ವಿನೋದ್ ಹೆಂಡತಿಯ ಹತ್ತಿರ ಬಂದು, "ತಪ್ಪಾಯ್ತು ಭವ್ಯಾ," ಎಂದ. ಆಕೆ ತಾಯಿಯನ್ನೇ ನೋಡುತ್ತಿದ್ದಳು.

"ನಂಗಾದ್ರೂ ಹೇಳ್ಬಹುದಿತ್ತಲ್ಲಮ್ಮ. ನಿನ್ನ ಹಾಗೆ ನಾನೂ ಯಾರಿಗೂ ಹೇಳ್ತಿರ್ಲಿಲ್ಲ. ಡಾಕ್ಟರಿಗೊಬ್ರಿಗೆ ಹೇಳ್ತಿದ್ದೆ."

ಶೇಷಮ್ಮ ಮಗಳತ್ತ ಕೈ ಚಾಚಿದರು. ಭವ್ಯಾ ಆ ಕೈಯನ್ನು ದಾಟಿ ಬಂದು ತಂಗಿ ರಕ್ಷಾಳ ರಟ್ಟೆ ಹಿಡಿದಳು.

"ಮೇಡಂ, ಇವಳ ರಕ್ತ ಎಲ್ಲಿ ತೋರಿಸ್ಬೇಕು? ಇವತ್ತೇ ಹೋಗೋಣ."